ಧಾಬಳಿಯ ಮೇಲಿನ ಹೆಪ್ಪು

ತಿಗಣೆ ಸಾಕುವುದು ಅಗ್ಗದ ಕೆಲಸವಲ್ಲ. ವಾರಕ್ಕೆರಡು ಸಲ ಕೋಯಂಬೇಡಿನ ತರಕಾರಿ ಮಾರುಕಟ್ಟೆಗೆ ಹೋಗಿ, ಔಷಧಿ ಹೊಡೆಯದ ಹುರುಳಿಕಾಯಿಯನ್ನು ಗೊತ್ತಿರುವ ಒಬ್ಬನ ಹತ್ತಿರವೇ ತರಬೇಕು; ಅವನು ಹೇಳಿದ್ದೇ ಬೆಲೆ. ಹಗಲೂ ಇರುಳೂ ಏಸಿ ಓಡಬೇಕು. ಮನೆಯ ಒಂದು ಕೋಣೆ ಹೋಗುತ್ತದೆ, ಅದರ ಜೊತೆಗೆ ಅಲ್ಲಿ ಮಲಗುತ್ತಿದ್ದ ನೆಂಟರೂ ಹೋಗುತ್ತಾರೆ. ಇದೆಲ್ಲದರ ಮೇಲೆ ಅತ್ತೆಯ ಮುಖ ನೋಡಬೇಕು. ರಂಜನಿಗೆ ಭಾರವೆನ್ನಿಸಿದ್ದು ಈ ಕೊನೆಯದೊಂದೇ.

ಮದರಾಸಿನ ಅಣ್ಣಾ ನಗರದ ಆ ಮನೆಗೆ ತಿಗಣೆಗಳು ಬಂದದ್ದು 2005ರ ಮಳೆಗಾಲದಲ್ಲಿ. ರಂಜನಿ ಪಿಎಚ್.ಡಿ. ಮಾಡುತ್ತಿದ್ದ ಕಾಲೇಜಿನ ಕಟ್ಟಡಕ್ಕೆ ಗೆದ್ದಲು ಹಿಡಿದಿತ್ತು. ಗೋಡೆಗೆಲ್ಲ ಔಷಧಿ ಹೊಡೆಯುತ್ತೇವೆ, ಹುಳು ಸಾಕುವವರು ಬೇರೆ ಜಾಗ ನೋಡಿಕೊಳ್ಳಿ ಎಂದರು ಕಾಲೇಜಿನವರು. ಅವಳ ತಿಗಣೆಗಳು ಸಾಮಾನ್ಯದವಲ್ಲ. ಪೂನಮಲ್ಲಿಯಾಚೆಯ ಒಂದು ಅವರೆ ಹೊಲದಲ್ಲಿ ಯಾವ ಔಷಧಿಗೂ ಸಾಯದೆ ಉಳಿದಿದ್ದ ಹಸಿರು ತಿಗಣೆಗಳ ಸಂತಾನ. ಅವು ಯಾಕೆ ಸಾಯುವುದಿಲ್ಲ ಎಂಬುದೇ ಅವಳ ಸಂಶೋಧನೆ. ಆ ಹೊಲದಲ್ಲಿ ಈಗ ಪ್ಲಾಟಿನ ಕಲ್ಲು ನೆಟ್ಟಿದ್ದರು. ಡಬ್ಬಿಯಲ್ಲಿದ್ದವು ಸತ್ತರೆ ನಾಲ್ಕು ವರ್ಷದ ಕೆಲಸವೂ ಸತ್ತಂತೆ.

"ತಿಗಣೆ ಅಂದ್ರೆ ಹಾಸಿಗೇಲಿ ಕಚ್ಚೋ ಮೂಟೆಪೂಚ್ಚಿ ತಾನೆ?" ಅತ್ತೆ ತುಂಗಾ ಬಾಗಿಲಿಗೆ ಅಡ್ಡ ನಿಂತು ಕೇಳಿದರು.

"ಅದಲ್ಲ ಅತ್ತೆ, ಇದು ಗಿಡದ್ದು. ಮನುಷ್ಯರನ್ನ ಕಚ್ಚಲ್ಲ."

"ನಾತ?"

"ಮುಟ್ಟಿದ್ರೆ ಮಾತ್ರ."

"ಹಾಗಾದ್ರೆ ಮುಟ್ಟಬೇಡ." ಪಕ್ಕಕ್ಕೆ ಸರಿದು ದಾರಿ ಕೊಟ್ಟರು. "ಆ ರೂಮಲ್ಲಿ ಇರೋದೆಲ್ಲ ತೊಳೆದಿರಬೇಕು. ಅವುಗಳ ಗಲೀಜು ಒಂದು ಚುಕ್ಕೆ ಕಾಣಬಾರದು. ಇದು ಮಡಿ ಮನೆ."

ಮನೆತನ ಮೂರು ತಲೆಮಾರು ಮದರಾಸಿನಲ್ಲಿ ಕಳೆದದ್ದರಿಂದ ತುಂಗಾ ಅವರ ಮಾತಿನಲ್ಲಿ ತಮಿಳು ಸೇರಿತ್ತು, ಮಡಿಯಲ್ಲಿ ಮಾತ್ರ ಏನೂ ಸೇರಿರಲಿಲ್ಲ.

ರಂಜನಿ ಕೊಟ್ಟ ಮಾತು ಉಳಿಸಿಕೊಂಡಳು. ಕಾಲೇಜಿನಲ್ಲಿ ಮೊಟ್ಟೆ ಅಂಟಿದ ಕಾಗದವನ್ನು ಹಾಗೇ ಇನ್ನೊಂದು ಡಬ್ಬಿಗೆ ಹಾಕುತ್ತಿದ್ದಳು. ಇಲ್ಲಿ ಡಬ್ಬಿಗೆ ಬಿಸಿನೀರು, ಮೊಟ್ಟೆಗೆ ಬ್ಲೀಚಿಂಗ್ ಪೌಡರಿನ ತಿಳಿನೀರು. ಹಾಗೆ ಮಾಡಿದರೆ ಬೂಷ್ಟೂ ಬರುವುದಿಲ್ಲವಲ್ಲ ಎಂದು ಅವಳಿಗೇ ಸಮಾಧಾನ.

ಮೊಟ್ಟೆಗಳು ಒಡೆದವು, ಮರಿಗಳು ಬಂದವು. ಆಮೇಲೆ ಬೆಳೆಯಲಿಲ್ಲ. ಹುರುಳಿಕಾಯಿಯ ಮೇಲೆ ಕೂತೇ ಬಣ್ಣಗೆಟ್ಟು, ಕಾಲು ಮಡಚಿ ಬಿದ್ದವು. ರಂಜನಿ ಕೋಯಂಬೇಡಿನವನ ಜೊತೆ ಜಗಳವಾಡಿದಳು, ನೀನು ಔಷಧಿ ಹೊಡೆದದ್ದು ಕೊಟ್ಟಿದ್ದೀಯ ಎಂದು. ಅವನು ಅವಳ ಎದುರಿಗೇ ಒಂದು ಹಸಿ ಕಾಯಿ ಕಚ್ಚಿ ತಿಂದು ತೋರಿಸಿದ. ಏಸಿ ಏರಿಸಿದಳು, ಇಳಿಸಿದಳು. ಎರಡನೆಯ ಸಲದ ಮರಿಗಳೂ ಅದೇ ರೀತಿ ಸೊರಗತೊಡಗಿದವು. ದೊಡ್ಡವು ವಯಸ್ಸಾಗಿ ಒಂದೊಂದೇ ಉದುರುತ್ತಿದ್ದವು.

"ಪೂಚ್ಚಿ ತಾನೆ, ಬೇರೆ ಹಿಡಿದ್ರಾಯ್ತು," ಅಂದ ಗಂಡ ಗುರುಚರಣ, ಬ್ಯಾಂಕಿಗೆ ಹೊರಡುತ್ತ.

"ಎಲ್ಲಿ ಹಿಡೀಲಿ? ಪ್ಲಾಟಿನ ಕಲ್ಲಿನ ಮೇಲಾ?"

ಅದೇ ವಾರ, ಕಾಯಿ ಬದಲಿಸುವಾಗ, ಮೊಟ್ಟೆಯಿಡುತ್ತಿದ್ದ ಕೊನೆಯ ಹೆಣ್ಣು ಅವಳ ಕೈತಪ್ಪಿ ಹಾರಿತು. ಮಂಚದಡಿ, ಪರದೆಯ ಹಿಂದೆ, ಎಲ್ಲ ಹುಡುಕಿದಳು. ಸಿಗಲಿಲ್ಲ. ಡಬ್ಬಿಯಲ್ಲಿ ಉಳಿದವು ಮೊಟ್ಟೆಯಿಡುವ ಕಾಲ ದಾಟಿದ್ದವು.

ಮಾವನವರ ಶ್ರಾದ್ಧ ಹತ್ತಿರ ಬಂತು. ಮಳೆ ಬಿಡಲಿಲ್ಲ. ತುಂಗಾ ಅವರ ಮಡಿಯ ಹತ್ತಿ ಸೀರೆಗಳು ಯಾವುದೂ ಒಣಗಲಿಲ್ಲ. ಇಂಥ ದಿನಕ್ಕೆಂದೇ ಒಂದು ಧಾಬಳಿ ಇತ್ತು. ಉಣ್ಣೆಯ ವಸ್ತ್ರ, ದಿನಾ ಒಗೆಯದಿದ್ದರೂ ಮಡಿ ಕೆಡದು. ನಡುಮನೆಯಾಚೆ ಎತ್ತರದ ಬಿದಿರ ಗಳುವಿನ ಮೇಲೆ ಅದು ಇರುತ್ತಿತ್ತು. ತುಂಗಾ ಬಿಟ್ಟು ಯಾರೂ ಮುಟ್ಟುವಂತಿಲ್ಲ. ಶ್ರಾದ್ಧದ ಹಿಂದಿನ ದಿನ ಮಧ್ಯಾಹ್ನ ಅವರು ಕೋಲಿನಿಂದ ಅದರ ಮಡಿಕೆ ಸರಿಸಿ ನೋಡಿದರು.

"ರಂಜೂ! ಬಾ ಇಲ್ಲಿ! ನಿನ್ನ ಪೂಚ್ಚಿ ನನ್ನ ಧಾಬಳಿ ಮೇಲೆ ಸಂಸಾರ ಹೂಡಿದೆ!"

ರಂಜನಿ ಸ್ಟೂಲು ಹತ್ತಿದಳು. ಒತ್ತೊತ್ತಾಗಿ ಸಾಲು ಹಿಡಿದ ಮೊಟ್ಟೆಗಳು ಒಡೆದಿದ್ದವು. ಖಾಲಿ ಚಿಪ್ಪುಗಳ ಮೇಲೆ ಕೆಂಪುಗಪ್ಪು ಮರಿಗಳು ಗುಂಪುಕಟ್ಟಿ ಕೂತಿದ್ದವು. ತುಂಗಾ ಕೋಲಿನ ತುದಿಯನ್ನು ಅಲ್ಲಿಗೇ ಎತ್ತಿದರು. "ಕೊಡವಿ ಹಾಕ್ತೀನಿ, ನೀನು ಡಬ್ಬಿ ಹಿಡಿ. ಆಮೇಲೆ ಆ ಜಾಗ ತೊಳೀಬೇಕು."

"ಬೇಡ ಅತ್ತೆ! ತೊಳೀಬೇಡಿ!"

ಕೋಲು ಮರಿಗಳಿಂದ ಗೇಣು ದೂರದಲ್ಲಿ ನಿಂತಿತು.

ರಂಜನಿ ನೋಡುತ್ತಿದ್ದದ್ದು ಚಿಪ್ಪುಗಳ ನಡುವಿನ ಕಂದು ಕಲೆಯನ್ನು. ಕಾಲೇಜಿನ ಕಾಗದಗಳಲ್ಲಿ ಅದನ್ನು ಎಷ್ಟೋ ಸಲ ಕಂಡಿದ್ದಳು. ಈ ಮನೆಗೆ ಬಂದ ಮೇಲೆ ಕಂಡಿರಲಿಲ್ಲ, ಯಾಕೆಂದರೆ ತೊಳೆದದ್ದು ಅವಳೇ. ಪ್ರತಿ ಮರಿಯೂ ತನ್ನ ಸೂಜಿಯಂಥ ಮೂತಿಯನ್ನು ಆ ಕಲೆಗೆ ಇಟ್ಟು ಹೀರುತ್ತಿತ್ತು.

"ಏನದು ಕಲೆ?"

"ತಾಯಿದು ಅತ್ತೆ. ಹೊಟ್ಟೆಯೊಳಗಿಂದು. ಮೊಟ್ಟೆ ಇಟ್ಟು ಅದರ ಮೇಲೆ ಸವರಿ ಹೋಗಿದೆ."

"ಥೂ! ಧಾಬಳಿ ಮೇಲೆ!"

"ಅತ್ತೆ, ಒಂದು ಮಾತು ಕೇಳಿ. ಹಾಲು ಎಷ್ಟೇ ಚೆನ್ನಾಗಿರಲಿ, ಹೆಪ್ಪು ಹಾಕದೆ ಮೊಸರಾಗುತ್ತಾ?"

"ಅದು ಹೇಗಾಗುತ್ತೆ?"

"ಇದು ಇವುಗಳ ಹೆಪ್ಪು. ಕಣ್ಣಿಗೆ ಕಾಣದ ಜೀವಾಣು ಇದರಲ್ಲಿ ಇರತ್ತೆ. ತಾಯಿ ಹೊಟ್ಟೆಯಿಂದ ಮರಿ ಹೊಟ್ಟೆಗೆ ಹೋಗಬೇಕು. ಇಲ್ಲದಿದ್ರೆ ಏನು ತಿಂದರೂ ಮೈಗೆ ಹತ್ತಲ್ಲ. ಓದಿದ್ದೆ, ನನ್ನ ಡಬ್ಬಿಯಲ್ಲಿ ಆಗ್ತಿರೋದೂ ಇದೇ ಅಂತ ಹೊಳೀಲಿಲ್ಲ. ಹೆಪ್ಪು ತೊಳೆದು ಮೊಸರಿಗೆ ಕಾಯ್ತಾ ಕೂತಿದ್ದೆ."

ತುಂಗಾ ಕೋಲು ಇಳಿಸಲಿಲ್ಲ. ಮಳೆ ಜೋರಾಯಿತು.

"ನಾಳೆ ಅವರ ಶ್ರಾದ್ಧ."

"ಗೊತ್ತು ಅತ್ತೆ."

"ಉಡೋಕೆ ಬೇರೆ ಒಣಗಿದ್ದು ಇಲ್ಲ."

"ಗೊತ್ತು."

"ಇದನ್ನ ಕೆಳಗಿಳಿಸಿ ನಿನ್ನ ರೂಮಲ್ಲಿ ಇಟ್ರೆ?"

"ಅಲುಗಿಸಿದ್ರೆ ಚದರಿಬಿಡ್ತಾವೆ. ಅವು ತಾವಾಗೇ ಇಳಿಯೋ ತನಕ ಬಿಡಬೇಕು. ಒಂದೆರಡು ದಿನ." ರಂಜನಿ ಸ್ಟೂಲಿನಿಂದ ಇಳಿದಳು. "ಇವಿಷ್ಟೇ ಉಳಿದಿರೋದು ಅತ್ತೆ. ಇನ್ನಿಲ್ಲ."

ತುಂಗಾ ಸೊಸೆಯ ಮುಖ ನೋಡಿದರು, ಧಾಬಳಿ ನೋಡಿದರು. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ ಒಳಗೆ ಹೋದರು.

ಬೆಳಗ್ಗೆ ರಂಜನಿ ಎದ್ದು ಮೊದಲು ನೋಡಿದ್ದು ಗಳುವನ್ನು. ಧಾಬಳಿ ಅಲ್ಲೇ ಇತ್ತು. ಅಡುಗೆಮನೆಯಲ್ಲಿ ತುಂಗಾ, ನೀರಿಳಿಯುವ ಒದ್ದೆ ಸೀರೆ ಉಟ್ಟು, ಒಲೆಯ ಮುಂದೆ ವಡೆ ಕರಿಯುತ್ತಿದ್ದರು. ಒದ್ದೆಯುಟ್ಟರೆ ಅದೂ ಮಡಿಯೇ. ಆದರೆ ಆ ವಯಸ್ಸಿಗೆ, ಆ ಚಳಿಮಳೆಯಲ್ಲಿ, ಯಾರೂ ಹಾಗೆ ಮಾಡುವುದಿಲ್ಲ.

ಪುರೋಹಿತರು ಕೇಳಿಯೇ ಬಿಟ್ಟರು, "ಧಾಬಳಿ ಇರಲಿಲ್ವೇ ತುಂಗಮ್ಮ?"

"ಅದರಲ್ಲಿ ಬಾಣಂತನ ನಡೀತಿದೆ, ಆಚಾರ್ಯರೇ."

ಅವರು ಗಾಬರಿಯಿಂದ ಬಾಯಿ ತೆರೆಯುವ ಮೊದಲೇ ತುಂಗಾ ಎಲೆ ಹಾಕಿಸಿದರು. ಬಡಿಸುವ ನಡುನಡುವೆ ರಂಜನಿ ಗಳುವಿನ ಕಡೆ ಓಡಿ ಹಲ್ಲಿ ಓಡಿಸಿ ಬಂದಳು.

ಮರುದಿನ ಮರಿಗಳು ಪೊರೆ ಬಿಟ್ಟು ಹೊಟ್ಟೆಗೆ ಹುಡುಕತೊಡಗಿದವು. ಅವನ್ನು ಮೆತ್ತನೆ ಕುಂಚದಿಂದ ಡಬ್ಬಿಗೆ ಇಳಿಸಿದಳು. ಅವು ತಿಂದವು, ಬೆಳೆದವು, ಹಸಿರಾದವು.

ತೊಳೆದ ಮೊಟ್ಟೆಯ ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಧಾಬಳಿಯ ಮರಿಗಳಲ್ಲಿ ಹೆಚ್ಚಿನವು ಉಳಿದು ಮೊಟ್ಟೆಯಿಟ್ಟವು. ಅವನ್ನು ಯಾರೂ ತೊಳೆಯಲಿಲ್ಲ. ರಂಜನಿಯ ಕೆಲಸ ಉಳಿಯಿತು. ತುಂಗಾ ಅವರು ಜ್ವರ ಬಂದು ವಾರವೆಲ್ಲ ಕೆಮ್ಮಿದರು. ಮಡಿ ಕೆಟ್ಟ ಆ ಧಾಬಳಿಯನ್ನು ಅವರು ಮತ್ತೆ ಉಡಲಿಲ್ಲ.