ನೆನೆಸದ ಬಟ್ಟೆಗೆ ಕತ್ತರಿ ಇಲ್ಲ

ನಮ್ಮ ಹೊಲಿಗೆ ಅಂಗಡಿಯ ಗೋಡೆಯ ಮೇಲೆ ಒಂದೇ ಒಂದು ಬರಹವಿದೆ: ‘ನೆನೆಸದ ಬಟ್ಟೆಗೆ ಕತ್ತರಿ ಇಲ್ಲ.’ ಬರೆಸಿದವಳು ದೊಡ್ಡಮ್ಮ, ನಮ್ಮಮ್ಮನ ಅಕ್ಕ. ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ನನ್ನನ್ನೂ ತಂಗಿಯನ್ನೂ ಸಾಕಿದವಳು. ಅಳತೆ ಟೇಪು ಅವಳ ಕೊರಳಿನಿಂದ ಇಳಿಯುವುದು ಮಲಗುವಾಗ ಮಾತ್ರ. ಬಟ್ಟೆ ಕತ್ತರಿಸುವುದು ಅವಳು. ಗುಂಡಿ, ಕಾಜಾ, ಕೈಹೊಲಿಗೆ ನನ್ನದು. ಗಲಾಟೆ ತಂಗಿಯದು. ಹದಿಮೂರು ವರ್ಷದ ಅವಳನ್ನು ಬೀದಿಯವರೆಲ್ಲ ಪಟಾಕಿ ಅಂತಲೇ ಕರೆಯುತ್ತಾರೆ.

ಅವತ್ತು ಬೆಳಿಗ್ಗೆ ಬೇಕರಿಯವಳು ಹೊಸ ಹತ್ತಿಬಟ್ಟೆ ತಂದಳು.

“ಅಕ್ಕ, ಇವತ್ತೇ ಕತ್ತರಿಸಿಬಿಡಿ.”

“ನೆನೆಸಿದ್ಯಾ?” ದೊಡ್ಡಮ್ಮ ಕೇಳಿದಳು.

“ಅಯ್ಯೋ, ದೊಡ್ಡ ಅಂಗಡಿ ಬಟ್ಟೆ ಇದು. ಕುಗ್ಗೋದೇ ಇಲ್ಲ.”

“ದೊಡ್ಡ ಅಂಗಡಿದು ಅಂತ ನೀರಿಗೆ ಯಾರು ಹೇಳ್ತಾರೆ, ನೀನಾ?”

“ಹೊಲಿದ ಮೇಲೆ ಒಗೆದೇ ಒಗೀತೀನಲ್ಲ!”

“ಆಗ ಕುಗ್ಗಿದ್ರೆ ನಿನ್ನನ್ನೂ ಜೊತೆಗೇ ಕುಗ್ಗಿಸ್ಬೇಕಾಗುತ್ತೆ. ಹೊಲಿದ ಮೇಲೆ ಮಾಡಿ ಪ್ರಯೋಜನ ಇಲ್ಲಮ್ಮ. ತಗೊಂಡ್ಹೋಗು, ನೆನೆಸಿ ಒಣಗಿಸ್ಕೊಂಡು ಬಾ.”

ಬೇಕರಿಯವಳು ನಕ್ಕು, ಹೋಗದೆ, ಸ್ಟೂಲು ಎಳೆದುಕೊಂಡು ಹರಟೆಗೆ ಕೂತಳು. ಅಷ್ಟರಲ್ಲಿ ಪಟಾಕಿ ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಕೈಹಿಡಿದು ಕರೆತಂದಳು.

“ದೊಡ್ಡಮ್ಮ, ನನಗೂ ಲಸಿಕೆ ಬೇಕು. ದೊಡ್ಡವರು ಜೊತೆಗೆ ಬರಬೇಕಂತೆ.”

“ಎಂಥ ಲಸಿಕೆ?”

“ಗರ್ಭಕಂಠದ ಕ್ಯಾನ್ಸರ್ ತಡೆಯೋದು ಅಕ್ಕ,” ನರ್ಸಮ್ಮ ಹೇಳಿದರು. “ಆ ಕ್ಯಾನ್ಸರ್ ತರೋದು ಎಚ್‌ಪಿವಿ ಅನ್ನೋ ವೈರಸ್ಸು. ಲೈಂಗಿಕ ಸಂಪರ್ಕದಿಂದ ಹರಡುತ್ತೆ.”

ಅವರು ದನಿ ತಗ್ಗಿಸಲೇ ಇಲ್ಲ. ಬೇಕರಿಯವಳು ತಲೆಯೆತ್ತಿ ಫ್ಯಾನು ನೋಡತೊಡಗಿದಳು. ದೊಡ್ಡಮ್ಮನ ಕತ್ತರಿ ನಿಂತಿತು.

“ಅಂಥಾದ್ದೆಲ್ಲ ನಮಗೆ ಬೇಡ. ನಮ್ಮದು ಮರ್ಯಾದಸ್ಥರ ಮನೆ. ಇವಳು ಇನ್ನೂ ಮಗು.”

“ಅದಕ್ಕೇ ಈಗ ಕೊಡೋದು. ವೈರಸ್ಸು ಮೈಗೆ ಸೇರೋ ಮುಂಚೆ ಕೊಟ್ರೆ ತಡೆಯುತ್ತೆ. ಸೇರಿದ ಮೇಲೆ ಓಡಿಸೋಕೆ ಇದರಿಂದ ಆಗಲ್ಲ. ಒಂಬತ್ತರಿಂದ ಹದಿನಾಲ್ಕು ವರ್ಷ ಒಳ್ಳೇ ವಯಸ್ಸು.”

“ಎಲ್ಲೋ ಒಬ್ಬರಿಗೆ ಬರೋ ರೋಗಕ್ಕೆ ಊರಿಗೆಲ್ಲ ಚುಚ್ತೀರಾ?”

“ವೈರಸ್ಸು ಎಲ್ಲೋ ಒಬ್ಬರಿಗಲ್ಲ ಅಕ್ಕ. ಗಂಡಸರಿರಲಿ, ಹೆಂಗಸರಿರಲಿ, ಹೆಚ್ಚಿನವರಿಗೆ ಒಂದಲ್ಲ ಒಂದು ದಿನ ತಗಲುತ್ತೆ. ಸಂಬಂಧ ಶುರುವಾದ ಮೊದಲ ಕೆಲವು ವರ್ಷಗಳಲ್ಲೇ ಜಾಸ್ತಿ. ಮದುವೆ ಆದಮೇಲೇ ಶುರುವಾದರೂ ಅಷ್ಟೇ. ಬಹಳ ಜನರಲ್ಲಿ ತಾನಾಗೇ ಹೋಗುತ್ತೆ. ಕೆಲವರಲ್ಲಿ ಸದ್ದಿಲ್ಲದೆ ಉಳಿದುಕೊಂಡು, ಎಷ್ಟೋ ವರ್ಷ ಆದಮೇಲೆ ಕ್ಯಾನ್ಸರ್ ಆಗುತ್ತೆ.”

“ನಾಳೆ ಮಕ್ಕಳಾಗದೇ ಹೋದ್ರೆ?”

“ಅದು ಯಾರೋ ಹಬ್ಬಿಸಿದ ಸುಳ್ಳು. ತೋಳು ನೋಯುತ್ತೆ, ಸ್ವಲ್ಪ ಜ್ವರ ಬರಬಹುದು. ಒಬ್ಬಿಬ್ಬರಿಗೆ ತಲೆ ಸುತ್ತುತ್ತೆ, ಅದಕ್ಕೇ ಸ್ವಲ್ಪ ಹೊತ್ತು ಕೂರಿಸಿ ಕಳಿಸ್ತೀವಿ.”

“ಬೀದಿಯವರು ಏನಂದ್ಕೊಳ್ತಾರೆ?”

“ಚುಚ್ಚೋದು ನನಗೆ,” ಪಟಾಕಿ ಸಿಡಿದಳು, “ಬೀದಿಯವರಿಗ್ಯಾಕೆ ನೋವು?”

“ಮುಚ್ಚೇ ಬಾಯಿ!”

“ಮಧ್ಯಾಹ್ನದ ತನಕ ಇರ್ತೀನಿ, ಯೋಚನೆ ಮಾಡಿ,” ಅಂತ ನರ್ಸಮ್ಮ ಹೊರಟರು.

ಅಂಗಡಿಗೆ ಬರುವವರಲ್ಲಿ ಕೆಲವರು ನನ್ನನ್ನು ಮೂಕಿ ಅಂದುಕೊಂಡಿದ್ದಾರೆ. ನಾನು ಅಷ್ಟು ಮಾತಾಡುವವಳಲ್ಲ. ಅವತ್ತು ಸೂಜಿಯನ್ನು ದಿಂಬಿಗೆ ಚುಚ್ಚಿ ಎದ್ದು ನಿಂತೆ.

“ದೊಡ್ಡಮ್ಮ, ಅಮ್ಮ ಯಾವುದರಿಂದ ಸತ್ತಳು?”

“ಗೊತ್ತಲ್ಲ. ಹೊಟ್ಟೆನೋವು.”

“ಅಲ್ಲ.”

ದೊಡ್ಡಮ್ಮ ಬೇಕರಿಯವಳ ಕಡೆ ಕಣ್ಣು ಹಾಯಿಸಿದಳು. “ಆಮೇಲೆ ಮಾತಾಡೋಣ.”

“ಈಗಲೇ ಮಾತಾಡೋಣ. ಗರ್ಭಕಂಠದ ಕ್ಯಾನ್ಸರ್. ಸ್ಕೂಲು ಬಿಟ್ಟು ಅವಳ ಪಕ್ಕ ಕೂತವಳು ನಾನು, ಬಟ್ಟೆ ಒಗೆದವಳು ನಾನು. ಮುಟ್ಟಿಲ್ಲದ ದಿನಗಳಲ್ಲೂ ರಕ್ತ ಹೋಗ್ತಿತ್ತು. ಯಾರಿಗೂ ಹೇಳಬೇಡ ಅಂತಿದ್ದಳು. ಆಸ್ಪತ್ರೆಗೆ ಕರ್ಕೊಂಡು ಹೋಗೋ ಹೊತ್ತಿಗೆ ಕೈಮೀರಿತ್ತು.”

“ನನ್ನ ತಂಗಿ ಅಂಥವಳಲ್ಲ!” ದೊಡ್ಡಮ್ಮ ಕತ್ತರಿ ಕೆಳಗಿಟ್ಟಳು. “ನಿಮ್ಮಪ್ಪನ ಬಿಟ್ಟು ಇನ್ನೊಬ್ಬರ ಮುಖ ನೋಡಿದವಳಲ್ಲ.”

“ಹೌದು, ಅಂಥವಳಲ್ಲ. ಆದರೂ ಬಂತು. ದೊಡ್ಡ ಅಂಗಡಿದು ಅಂತ ನೀರಿಗೆ ಯಾರು ಹೇಳ್ತಾರೆ ಅಂದ್ಯಲ್ಲ? ಮರ್ಯಾದಸ್ಥರ ಮನೆ ಅಂತ ವೈರಸ್ಸಿಗೆ ಯಾರು ಹೇಳ್ತಾರೆ, ನೀನಾ? ಯಾರ್ಯಾರದೋ ಬಟ್ಟೆನ ನೆನೆಸದೆ ಮುಟ್ಟಲ್ಲ ನೀನು. ನಮ್ಮ ಹುಡುಗಿನ ಮಾತ್ರ ಹಾಗೇ ಬಿಡ್ತೀಯಾ?”

ದೊಡ್ಡಮ್ಮ ಗೋಡೆಯ ಬರಹವನ್ನೇ ನೋಡುತ್ತಾ ನಿಂತಳು. ಆಮೇಲೆ ಕೊರಳಿಗೆ ಕೈ ಹಾಕಿ ಟೇಪು ತೆಗೆದಳು. ಹಗಲಲ್ಲಿ ಅವಳ ಕೊರಳು ಬರಿದಾಗಿದ್ದು ನಾನು ನೋಡಿದ್ದು ಅದೇ ಮೊದಲು.

“ಪಟಾಕಿ, ಚಪ್ಪಲಿ ಮೆಟ್ಟು.”

ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ನಮ್ಮ ಬೀದಿಯ ಹೆಂಗಸೊಬ್ಬಳು ಕೂತಿದ್ದಳು. ಪಟಾಕಿಯನ್ನು ಮೇಲಿಂದ ಕೆಳಗೆ ನೋಡಿ, ತುಟಿಯಂಚಲ್ಲಿ ನಕ್ಕು ಪಿಸುಗುಟ್ಟಿದಳು: “ಏನಕ್ಕ, ಮಗುಗೆ ಜ್ವರನಾ?”

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ದೊಡ್ಡಮ್ಮ ಹೂಂ ಅನ್ನಲಿಲ್ಲ. ಇಡೀ ಕೋಣೆಗೆ ಕೇಳುವಂತೆ ಹೇಳಿದಳು: “ಜ್ವರ ಅಲ್ಲ. ಎಚ್‌ಪಿವಿ ಲಸಿಕೆ. ನನ್ನ ತಂಗಿ ಗರ್ಭಕಂಠದ ಕ್ಯಾನ್ಸರಿಂದ ಸತ್ತಳು. ಅವಳ ಮಗಳನ್ನ ನಾನು ಅದಕ್ಕೆ ಬಿಟ್ಟುಕೊಡಲ್ಲ. ಇನ್ನೇನಾದ್ರೂ ಕೇಳೋದಿದ್ಯಾ?”

ಆ ಹೆಂಗಸು ಬೆಂಚಿನ ಮೇಲೆ ಸರಿದು ಪಟಾಕಿಗೆ ಜಾಗ ಮಾಡಿದಳು.

ಪಟಾಕಿ ತೋಳು ಒಡ್ಡಿದಳು. “ಇಷ್ಟೇನಾ? ರವಿಕೆ ಅಳತೆ ನೋಡುವಾಗ ನಮ್ಮಕ್ಕನೇ ಇದಕ್ಕಿಂತ ಜೋರಾಗಿ ಪಿನ್ನು ಚುಚ್ತಾಳೆ.”

“ಅಕ್ಕ, ನಿಮ್ಮ ವಯಸ್ಸಿನವರಿಗೆ ಲಸಿಕೆ ಅಲ್ಲ, ಈ ಕ್ಯಾನ್ಸರಿನ ಸುಳಿವನ್ನ ಮೊದಲೇ ಹಿಡಿಯೋ ಪರೀಕ್ಷೆ ಇದೆ,” ನರ್ಸಮ್ಮ ದೊಡ್ಡಮ್ಮನಿಗೆ ಹೇಳಿದರು.

“ಯಾವಾಗ ಬರಲಿ?” ದೊಡ್ಡಮ್ಮ ತಕ್ಷಣ ಕೇಳಿದಳು.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮನೆಯಲ್ಲೂ ಈ ವಯಸ್ಸಿನ ಹುಡುಗಿ ಇರಬಹುದು. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಕೇಳಿ. ಹುಡುಗರಿಗೂ ಕೊಡುತ್ತಾರಾ ಅಂತ ವಿಚಾರಿಸಿ, ವೈರಸ್ಸು ಅವರನ್ನೂ ಬಿಟ್ಟಿಲ್ಲ. ಲಸಿಕೆ ಹಾಕಿಸಿಕೊಂಡವರೂ ದೊಡ್ಡವರಾದ ಮೇಲೆ ಪರೀಕ್ಷೆ ಮಾಡಿಸಬೇಕು. ಮುಟ್ಟಿಲ್ಲದಾಗ ರಕ್ತ ಕಂಡರೆ ಬಟ್ಟೆ ಒಗೆದು ಸುಮ್ಮನಾಗಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಯಾರಾದರೂ ಪಿಸುದನಿಯಲ್ಲಿ ಕೇಳಿದರೆ ನೀವು ಗಟ್ಟಿಯಾಗಿ ಹೇಳಿ. ನಮ್ಮಮ್ಮ ಪಿಸುಗುಟ್ಟಿಯೇ ಹೋದಳು. ನಿಮ್ಮ ಮನೆಯ ಹುಡುಗಿಯನ್ನು ಬಿಟ್ಟುಕೊಡಬೇಡಿ.