ಸಡಿಲ ತುರುಬು

ಗಿಲೇನ್ ತನ್ನ ಸಲೂನಿನಲ್ಲಿ ಮಗಳ ಕೂದಲನ್ನೆಲ್ಲ ಒಂದು ಪಕ್ಕಕ್ಕೆ ಬಾಚಿ, ಹಿಂದೆ ನಡುತಲೆಯ ಉದ್ದಕ್ಕೂ ಪಿನ್ನುಗಳನ್ನು ಸಾಲಾಗಿ ಸಿಕ್ಕಿಸಿ, ಉಳಿದದ್ದನ್ನು ಕೈಗೆ ಸುತ್ತಿ ಮೇಲಕ್ಕೆ ತಿರುವುತ್ತಿದ್ದಳು. ತುದಿಯನ್ನು ಒಳಗೆ ತೂರಿಸಿ ಅಂಚು ಮಡಿಸಿದರೆ ಬಾಳೆಹಣ್ಣಿನ ತುರುಬು ಸಿದ್ಧ. ಇಸ್ವಾರ್ ಊರಿನ ಎಷ್ಟೋ ಹುಡುಗಿಯರು ಅವಳು ಹಾಕಿದ ಈ ತುರುಬಿನಲ್ಲೇ ಮೇಯರ್ ಮುಂದೆ ನಿಂತು ಮದುವೆಗೆ ಒಪ್ಪಿಗೆ ಹೇಳಿದ್ದರು. ಎಷ್ಟು ಕುಣಿದರೂ ಒಬ್ಬಳದ್ದೂ ಬಿಚ್ಚಿಕೊಂಡಿರಲಿಲ್ಲ.

"ಅಮ್ಮಾ, ಸಡಿಲವಾಗಿ ಅಂದೆ," ಎಂದಳು ನೊಎಮಿ ಕನ್ನಡಿಯೊಳಗಿಂದ. "ಈಗಷ್ಟೇ ಎದ್ದು ಹಾಗೇ ಎತ್ತಿ ಸಿಕ್ಕಿಸ್ಕೊಂಡ ಹಾಗಿರ್ಬೇಕು."

"ಸಡಿಲವಾಗೇ ಇದೆಯಲ್ಲೇ."

"ಇದಾ? ಇದನ್ನ ಹಾಕ್ಕೊಂಡ್ರೆ ಬೈಕಲ್ಲಿ ಹೆಲ್ಮೆಟ್ಟೇ ಬೇಡ."

ಪಕ್ಕದ ಕುರ್ಚಿಯಲ್ಲಿ ತಲೆ ತುಂಬ ರೋಲರ್ ಸುತ್ತಿಸಿಕೊಂಡು ಕೂತಿದ್ದ ಮದಾಂ ಪ್ರಾದಿಯೆಗೆ ಎಂಬತ್ತೊಂದು ವರ್ಷ. ಒಂದು ಗುರುವಾರವೂ ಇಲ್ಲಿಗೆ ಬರುವುದು ತಪ್ಪಿಸಿದವರಲ್ಲ. "ಎದ್ದು ಬಂದ ಹಾಗೆ ಕಾಣೋಕೆ ಒಂದು ಗಂಟೆ ಕೂರ್ಬೇಕಾ? ದಿನಾ ಬೆಳಗ್ಗೆ ನಾನು ಹಂಗೇ ಇರ್ತೀನಿ ಕಣೇ, ಬಂದು ನೋಡ್ಕೊಂಡು ಹೋಗು!"

ನೊಎಮಿ ನಕ್ಕಳು. ಗಿಲೇನ್ ನಗಲಿಲ್ಲ. ಶನಿವಾರವೇ ನೊಎಮಿಯ ಮದುವೆ, ಇವತ್ತಿನದು ತುರುಬಿನ ತಾಲೀಮು. ಮೂರು ವಾರದಿಂದ ಅವಳು ಗೊಂಬೆಯ ತಲೆಯೊಂದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಈ ಸಡಿಲ ತುರುಬನ್ನು ಕಲಿಯುತ್ತಿದ್ದಳು. ಯಾವ ಎಳೆಯನ್ನು ಬಿಡಬೇಕೆಂದು ಕಣ್ಣಿಗೆ ಗೊತ್ತಾಗುತ್ತಿತ್ತು. ಆದರೆ ಆ ಎಳೆ ಕಿವಿಯ ಬಳಿ ಇಳಿಯುತ್ತಲೇ ಕೈ ತಾನಾಗಿ ಹೋಗಿ ಅದನ್ನು ಒಳಗೆ ಸೇರಿಸಿಬಿಡುತ್ತಿತ್ತು. ಈಗಲೂ ಹಾಗೇ ಆಯಿತು. ಎರಡು ಸಲ.

"ಬೇಕಾದ್ರೆ ಚೌಕದ ಆ ಹೊಸ ಸಲೂನಿಗೆ ಹೋಗು," ಎಂದಳು ಗಿಲೇನ್, ಕೂದಲು ಅಲ್ಲಾಡದಂತೆ ಹಿಡಿಯುವ ಸ್ಪ್ರೇ ಎತ್ತಿಕೊಳ್ಳುತ್ತ. "ನಿನ್ನ ಗೆಳತಿಯರೆಲ್ಲ ಅಲ್ಲೇ ಹೋಗ್ತಾರಲ್ಲ. ನಾನೇನೂ ಅಂದ್ಕೊಳ್ಳಲ್ಲ."

"ಅಂದ್ಕೊಳ್ತಾಳೆ," ಎಂದರು ಮದಾಂ ಪ್ರಾದಿಯೆ. "ಹತ್ತು ವರ್ಷ ಅಂದ್ಕೊಳ್ತಾಳೆ."

"ಎಲ್ಲಿಗೂ ಹೋಗಲ್ಲ," ಎಂದಳು ನೊಎಮಿ. "ಮೊದಲ ಜಡೆ ಹಾಕಿದ್ದು ನೀನು, ಮದುವೇಗೂ ನೀನೇ ಹಾಕ್ಬೇಕು." ಕೈಗನ್ನಡಿ ಹಿಡಿದು ಹಿಂದೆಲ್ಲ ನೋಡಿಕೊಂಡಳು. ಆಮೇಲೆ ಅದನ್ನು ಕೆಳಗಿಟ್ಟಳು. "ಚೆನ್ನಾಗಿದೆ ಅಮ್ಮಾ. ಶನಿವಾರ ಹೀಗೇ ಹಾಕು." ಅಮ್ಮನ ಎರಡೂ ಕೆನ್ನೆಗೆ ಮುತ್ತಿಟ್ಟು ಹೊರಟಳು.

ಉದುರಿದ ಕೂದಲನ್ನು ಗುಡಿಸುತ್ತ ಗಿಲೇನ್ ಗಾಜಿನಾಚೆ ನೋಡಿದಳು. ಕಾರಿನಲ್ಲಿ ಕೂತ ನೊಎಮಿ ಕನ್ನಡಿಯನ್ನು ತನ್ನ ಕಡೆ ತಿರುಗಿಸಿಕೊಂಡು, ಬೆರಳಿನಿಂದ ಕಿವಿಯ ಬಳಿ ಒಂದೊಂದೇ ಎಳೆ ಎಳೆದುಕೊಳ್ಳುತ್ತಿದ್ದಳು. ನೆತ್ತಿಯ ಮೇಲೆ ಒಂದು ಚಿವುಟು, ಅಲ್ಲಿ ಕೂದಲು ಮೆಲ್ಲಗೆ ಉಬ್ಬಿತು. ಕತ್ತಿನ ಹಿಂದಿನದು ಮಾತ್ರ ಬರಲೊಲ್ಲದು. ಸ್ಪ್ರೇಗೆ ಅಂಟಿಕೊಂಡಿತ್ತು. ಅವಳು ಜಗ್ಗಿದಳು, ಮುಖ ಕಿವುಚಿದಳು, ಕೊನೆಗೆ ಕೈಬಿಟ್ಟಳು.

ಗಿಲೇನ್ ಗುಡಿಸುವುದನ್ನು ಅಲ್ಲಿಗೇ ನಿಲ್ಲಿಸಿದಳು. ಕಣ್ಣು ಕೀಳಲಾಗಲಿಲ್ಲ. ಗೊಂಬೆಯ ತಲೆಯ ಮೇಲೆ ಮೂರು ವಾರ ಹುಡುಕಿದ್ದು ಅಲ್ಲಿ ಕಾರಿನೊಳಗೆ ಕೂತಿತ್ತು. ಎಷ್ಟು ಚೆಂದ ಕಾಣುತ್ತಿದ್ದಳು ಹುಡುಗಿ! ಗಿಲೇನಳಿಗೆ ನಗು ಬಂತು.

"ಏನೇ ಅದು, ಒಬ್ಬಳೇ ನಗ್ತಿದ್ದೀಯ?"

"ಏನಿಲ್ಲ ಮದಾಂ. ಗಾಡಿ ತಪ್ಪು ಜಾಗದಲ್ಲಿ ನಿಲ್ಲಿಸಿದ್ದಾಳೆ."

ಶನಿವಾರ ಮನೆಯಿಂದ ಮೇಯರ್ ಕಚೇರಿಗೆ ಕಾರಿನಲ್ಲಿ ಹತ್ತು ನಿಮಿಷ, ಹಿಂದಿನ ಸೀಟಿನಲ್ಲಿ ನೊಎಮಿ ಎಳೆಗಳನ್ನು ಎಳೆದುಕೊಳ್ಳಲು ಅಷ್ಟು ಹೊತ್ತು ಸಾಲುತ್ತದೆ. ತಾನು ಮುಂದಿನ ಸೀಟಿನಲ್ಲಿ ಕೂತು, ಹಿಂದೆ ತಿರುಗದೆ ರಸ್ತೆಯನ್ನೇ ನೋಡುತ್ತಿದ್ದರೆ ಸಾಕು.

ಅವಳು ಮದಾಂ ಪ್ರಾದಿಯೆಯ ರೋಲರುಗಳನ್ನು ಬಿಚ್ಚಿ, ಬಾಚಿ, ಸ್ಪ್ರೇ ಎತ್ತಿಕೊಂಡಳು. ಕಿವಿಯ ಬಳಿ ಬಂದಾಗ ಅಲ್ಲಿನ ಎಳೆಗಳಿಗೆ ತಾಗದಂತೆ ಎಡ ಅಂಗೈಯನ್ನು ಅಡ್ಡ ಹಿಡಿದು ಸ್ಪ್ರೇ ಒತ್ತಿದಳು. ಕತ್ತಿನ ಹಿಂದೆಯೂ ಹಾಗೇ.

"ಕೂದಲು ಬಿಟ್ಟು ಕೈಗೆ ಹೊಡ್ಕೊಳ್ತಿದ್ದೀಯಲ್ಲೇ!"

"ಅಲ್ಲಾಡ್ಬೇಡಿ ಮದಾಂ," ಎಂದು ಗಿಲೇನ್ ಇನ್ನೊಮ್ಮೆ ಒತ್ತಿದಳು. ತಣ್ಣನೆಯ ಹನಿಗಳೆಲ್ಲ ಅಂಗೈಯಲ್ಲೇ ನಿಂತವು.