ಟೈಲರ್ ಆಂಜಿನಪ್ಪನ ಬೈಬಲ್ಲು

ಹಿಂದೂಪುರದ ಟೈಲರ್ ಆಂಜಿನಪ್ಪ ದೀಕ್ಷಾಸ್ನಾನ ತೆಗೆದುಕೊಂಡ ಮೇಲೂ ಹೆಸರು ಬದಲಾಯಿಸಲಿಲ್ಲ. ಪಾದ್ರಿಗಳು ಕೇಳಿದ್ದಕ್ಕೆ, "ಬೋರ್ಡು ಬರೆಸಿ ಇನ್ನೂ ಆರು ತಿಂಗಳಾಗಿಲ್ಲ ಅಯ್ಯಗಾರೂ. ಯೇಸಪ್ಪ ನನ್ನ ಈ ಹೆಸರಲ್ಲೇ ಗುರ್ತು ಹಿಡಿತಾನೆ" ಅಂದಿದ್ದನಂತೆ. ಅದನ್ನು ನೆನೆದರೆ ಹಿರಿಮಗಳು ನಿರ್ಮಲಮ್ಮನಿಗೆ, ಕಲ್ಯಾಣದುರ್ಗದ ತನ್ನ ಮನೆಯ ಒಲೆ ಮುಂದೆ ಒಬ್ಬಳೇ ಕೂತಿದ್ದರೂ, ಇವತ್ತಿಗೂ ನಗು ಬರುತ್ತದೆ.

ಚರ್ಚಿನಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ತುಮಕೂರಿನಿಂದ ತರಿಸಿದ ದಪ್ಪ ಕನ್ನಡ ಬೈಬಲ್ಲನ್ನು ಆಂಜಿನಪ್ಪ ಹೊಲಿಗೆ ಮಿಷನ್ನಿನ ಹಲಗೆಯ ಮೇಲಿಟ್ಟು, ಅಂಗಡಿ ಬಾಗಿಲು ತೆಗೆಯುವ ಮುಂಚೆ ದಿನಾ ಒಂದು ಅಧ್ಯಾಯ ಗಟ್ಟಿಯಾಗಿ ಓದುತ್ತಿದ್ದ. ಓದಿ ಮುಗಿಸಿ, ಕಿವಿಯ ಸಂದಿಯಿಂದ ನೀಲಿ ಪೆನ್ಸಿಲ್ ತೆಗೆದು ಅಂಚಿನಲ್ಲಿ ತಾರೀಕು ಹಾಕಿ ಪಕ್ಕದಲ್ಲಿ ಒಂದೆರಡು ಮಾತು ಬರೆಯುತ್ತಿದ್ದ. 'ಮಳೆ ಬಂತು.' 'ಸುವಾರ್ತೆಗೆ ಜ್ವರ.' 'ನಿರ್ಮಲ ತಾನೇ ಓದಿದಳು. ಮೂರು ತಪ್ಪು.'

ಮಾಡದ ತಪ್ಪಿಗೆ ಯೋಸೇಫನನ್ನು ಸೆರೆಮನೆಗೆ ಹಾಕಿದ ಅಧ್ಯಾಯ ಬಂದ ದಿನ ಇಬ್ಬರು ಹುಡುಗಿಯರೂ ಮುಂದಿನ ಅಧ್ಯಾಯ ಓದೆಂದು ಅಪ್ಪನ ಪಂಚೆ ಹಿಡಿದು ಎಳೆದಿದ್ದರು. ಅವನು ಪುಸ್ತಕ ಮುಚ್ಚಿಯೇಬಿಟ್ಟ. "ಅಧ್ಯಾಯ ಅಂದ್ರೆ ಮುದ್ದೆ ಇದ್ದಂಗೆ ಕಣಮ್ಮ. ಒಂದು ಸಾಕು. ಎರಡು ಉಂಡ್ರೆ ಅರಗಲ್ಲ." ಯೋಸೇಫ ಆ ರಾತ್ರಿಯೆಲ್ಲಾ ಸೆರೆಮನೆಯಲ್ಲೇ ಇದ್ದಾನೆಂದು ಕಿರಿಮಗಳು ಸುವಾರ್ತೆ ಅನ್ನ ಬಿಟ್ಟು ಮಲಗಿದಳು.

ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ ಆಂಜಿನಪ್ಪ ತೀರಿಕೊಂಡ. ಅಷ್ಟು ಹೊತ್ತಿಗೆ ನಿರ್ಮಲಮ್ಮ ಕಲ್ಯಾಣದುರ್ಗದ ಸೈಕಲ್ ಶಾಪಿನ ಅಮರೇಶಪ್ಪನ ಹೆಂಡತಿ. ಸುವಾರ್ತಮ್ಮನ ಗಂಡ ಮನೆಯಳಿಯನಾಗಿ ಬಂದಿದ್ದ. ಮನೆ, ಮಿಷನ್ನು, ಪಾತ್ರೆ ಯಾವುದಕ್ಕೂ ಅಕ್ಕತಂಗಿಯರು ಜಗಳವಾಡಲಿಲ್ಲ. ಬೈಬಲ್ಲಿಗೆ ಆಡಿದರು.

"ಅಕ್ಷರ ಕಲಿತಿದ್ದೇ ನಾನು ಅದ್ರಲ್ಲಿ" ಅಂದಳು ಅಕ್ಕ.

"ಎರಡು ವರ್ಷ ಅಪ್ಪನ ಹಾಸಿಗೆ ಬದಲಾಯಿಸ್ದೋಳು ನಾನು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ" ಅಂದಳು ತಂಗಿ.

ಗಾದೆ ಅಂದವಳಿಗೆ ಸುಲಭ, ಅನ್ನಿಸಿಕೊಂಡವಳಿಗೆ ಅಲ್ಲ. ನಿರ್ಮಲಮ್ಮನ ಬಾಯಿಂದಲೂ ಆಡಬಾರದ ಮಾತು ಬಂತು. ಮೂರನೇ ದಿನ ತಾಯಿ ಮುನೆಮ್ಮನಿಗೆ ಸಾಕಾಗಿ, ಗಂಡನ ಬ್ಲೇಡು ತೆಗೆದುಕೊಂಡು, ಹಳೆ ಒಡಂಬಡಿಕೆಯ ಮಲಾಕಿ ಮುಗಿದು ಹೊಸ ಒಡಂಬಡಿಕೆಯ ಮತ್ತಾಯನ ಸುವಾರ್ತೆ ಶುರುವಾಗುವ ಕಡೆ ಪುಸ್ತಕದ ಬೆನ್ನಿಗೆ ಇಟ್ಟಳು. ಇಬ್ಬರೂ ನೋಡುತ್ತ ನಿಂತರು. ಮುನೆಮ್ಮ ಯೂನಿಫಾರ್ಮಿನ ಖಾಕಿ ಬಟ್ಟೆಯಲ್ಲಿ ಎರಡೂ ಪಾಲಿಗೆ ರಟ್ಟು ಹೊಲಿದಳು. "ಇವಳ ಹೆಸರೇ ಸುವಾರ್ತೆ, ಹೊಸದು ಇವಳಿಗೆ. ಹಳೇದು ದೊಡ್ಡೋಳಿಗೆ. ಇನ್ನು ನನ್ನ ತಲೆ ತಿನ್ಬೇಡ್ರಿ."

ಆಮೇಲೆ ನಿರ್ಮಲಮ್ಮ ಹಿಂದೂಪುರಕ್ಕೆ ಹೋಗುವುದನ್ನೇ ಬಿಟ್ಟಳು. ತಾಯಿಯೇ ವರ್ಷಕ್ಕೆರಡು ಸಲ ಬಂದು ಹೋಗುತ್ತಿದ್ದಳು. ಎಂಬತ್ತೆರಡರಲ್ಲಿ ತಾಯಿ ಸತ್ತಾಗ ಹೋದವಳು ಮಣ್ಣು ಮಾಡಿದ ಕೂಡಲೇ ಬಸ್ಸು ಹತ್ತಿದಳು. ತಂಗಿಯ ಮುಖ ನೋಡಲಿಲ್ಲ.

ಆದರೆ ಓದು ಮಾತ್ರ ಬಿಡಲಿಲ್ಲ. ಮೊದಮೊದಲು ಓದಿದ್ದು ಭಕ್ತಿಗಲ್ಲ, ಹಕ್ಕಿಗೆ. ಅಪ್ಪನ ತಾರೀಕಿನ ಕೆಳಗೆ ದಿನಾ ತನ್ನ ತಾರೀಕು ಹಾಕಿದರೆ ಪುಸ್ತಕ ತನ್ನದೆಂದು ರುಜುವಾತು ಮಾಡಿದ ಹಾಗೆ. ಒಮ್ಮೆ ಮುಗಿಸಿ ಮತ್ತೆ ಮೊದಲಿಂದ ಹಿಡಿದ ಎರಡನೇ ಸುತ್ತಿನಲ್ಲಿ ಮಗನಿಗೆ ಟೈಫಾಯ್ಡ್ ಆಯಿತು. ಆಗ ಕೀರ್ತನೆಗಳನ್ನು ಓದುತ್ತ ಹಟ ಮರೆತು ಅತ್ತಳು. ದೇವರ ಜೊತೆ ಹೀಗೆ ಜಗಳವಾಡಿಯೂ ಮಾತಾಡಬಹುದೆಂದು ಆವತ್ತು ಗೊತ್ತಾಯಿತು. ಅಲ್ಲಿಂದ ಬೆಳಿಗ್ಗೆಯ ಅಧ್ಯಾಯವಿಲ್ಲದೆ ಕಾಫಿ ಇಳಿಯುತ್ತಿರಲಿಲ್ಲ.

ಕೇಳುವುದಕ್ಕೆ ಪಕ್ಕದ ಮನೆಯ ಚೌಡಕ್ಕ ಬರುತ್ತಿದ್ದಳು. ಅವಳದು ಬೇರೆ ದೇವರು, ಆದರೆ ಕಥೆಗೆ ಜಾತಿಯಿಲ್ಲ. ಮೊರದಲ್ಲಿ ರಾಗಿ ಹಸನು ಮಾಡುತ್ತ ಕಿವಿಗೊಡುತ್ತಿದ್ದಳು. ಎಂಬತ್ತೇಳರಲ್ಲಿ, ಐದನೇ ಸುತ್ತಿನಲ್ಲಿ, ಒಂದು ಬೆಳಿಗ್ಗೆ ಸೊಲೊಮೋನ ಅರಸನ ತೀರ್ಪು ಬಂತು. ಒಂದು ಕೂಸಿಗೆ ಇಬ್ಬರು ತಾಯಂದಿರು. ಕೂಸನ್ನು ಕಡಿದು ಅರ್ಧ ಅರ್ಧ ಕೊಡಿ ಅಂದ ಅರಸ. ಬೇಡ, ಅವಳಿಗೇ ಕೊಡಿ, ಬದುಕಿರಲಿ ಅಂದವಳೇ ಹೆತ್ತ ತಾಯಿ.

ಚೌಡಕ್ಕ ಮೊರ ಕೆಳಗಿಟ್ಟಳು. "ನಿಮ್ಮಮ್ಮ ಈ ಪುಸ್ತಕ ಕುಯ್ದಾಗ ಬ್ಯಾಡ ಅಂದೋರು ಯಾರಮ್ಮ, ನೀನಾ, ನಿನ್ನ ತಂಗಿಯಾ?"

ಕೊಂಕಿನಿಂದ ಕೇಳಿದ್ದಲ್ಲ. ಪುಸ್ತಕ ಎರಡಾದ ಕಥೆಯನ್ನು ನಿರ್ಮಲಮ್ಮನೇ ಹತ್ತು ಸಲ ಹೇಳಿದ್ದಳು. ನಾಲ್ಕು ಸುತ್ತು ಇದೇ ಅಧ್ಯಾಯ ಓದಿ ತಾರೀಕು ಹಾಕಿದ್ದವಳಿಗೆ ಈ ಪ್ರಶ್ನೆ ಒಮ್ಮೆಯೂ ಹುಟ್ಟಿರಲಿಲ್ಲ. "ಯಾರೂ ಅನ್ಲಿಲ್ಲ ಚೌಡಕ್ಕ" ಎಂದು ಹೇಳಿದಳು. ಹೇಳುವಾಗ ಅವಳಿಗೆ ನಾಚಿಕೆಯಾಯಿತು.

ಮಾರನೇ ದಿನ ಖಾಕಿ ರಟ್ಟಿನ ಪಾಲನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟಳು. ಕಂಬದೂರು ದಾಟುವವರೆಗೆ ಧೈರ್ಯವಿತ್ತು. ಆಮೇಲೆ ಎರಡು ಬಸ್ಸು ಬದಲಾಯಿಸಿದಳು, ಎರಡು ಸಲವೂ ವಾಪಸ್ಸು ಹೋಗಿಬಿಡೋಣ ಅನ್ನಿಸಿತು. ಹಿಂದೂಪುರದ ಸಂತೆಪೇಟೆ ಬೀದಿಗೆ ತಿರುಗಿದಾಗ ಹುಣಸೆಹಣ್ಣಿನ ವಾಸನೆಯ ಜೊತೆ ಅಪ್ಪನ ಮಿಷನ್ನಿನ ಸದ್ದು ಕೇಳಿಸಿತು. ತುಳಿಯುತ್ತಿದ್ದವಳು ಸುವಾರ್ತಮ್ಮ. ತಲೆಯಲ್ಲಿ ನರೆ ಕಾಣಿಸಿಕೊಂಡಿತ್ತು.

ನಿರ್ಮಲಮ್ಮ ಗಂಟು ಬಿಚ್ಚಿ ಹಲಗೆಯ ಮೇಲಿಟ್ಟಳು. "ಇದೂ ನಿಂದೇ ಕಣೆ. ಎರಡೂ ಸೇರಿಸಿ ಹೊಲ್ಕೊ. ಒಂದಾಗಿರ್ಲಿ. ಅವತ್ತೇ ಅನ್ಬೇಕಾಗಿತ್ತು ನಾನು."

ಸುವಾರ್ತಮ್ಮ ಒಳಗೆ ಹೋಗಿ ತನ್ನ ಪಾಲು ತಂದು ಪಕ್ಕದಲ್ಲಿಟ್ಟಳು. ಅಕ್ಕನದು ಒಲೆಯ ಹೊಗೆಗೆ ಕಂದಾಗಿತ್ತು, ತಂಗಿಯದು ಕೈಯ ಎಣ್ಣೆ ಕುಡಿದು ಉಬ್ಬಿತ್ತು. ಬಹಳ ಹೊತ್ತು ಎರಡನ್ನೂ ಸವರಿದಳು. ಸೂಜಿಗೆ ದಾರವನ್ನೂ ಪೋಣಿಸಿದಳು. ಆಮೇಲೆ ಸೂಜಿಯನ್ನು ದಾರದುಂಡೆಗೆ ಚುಚ್ಚಿಬಿಟ್ಟಳು.

"ಹೊಲಿಯಲ್ಲ ಅಕ್ಕಯ್ಯ. ಹೊಲಿದ್ರೆ ಒಂದೇ ಮನೇಲಿ ಕೂತ್ಕಂತದೆ, ನೀನು ಮತ್ತೆ ಬರಕ್ಕೆ ನೆಪ ಇರಲ್ಲ. ನಂದು ನೀನು ತಗೊಂಡೋಗು, ನಿಂದು ನಂಗಿರ್ಲಿ. ದಿನಕ್ಕೊಂದ್ರಂಗೆ ಹೊಸದು ಒಂಬತ್ತು ತಿಂಗಳಿಗೆ ಮುಗಿತದೆ. ಮುಗಿದ ದಿನ ಬಾ, ನನ್ನ ಓದು ಮುಗಿದಿರ್ಲಿ ಬಿಡ್ಲಿ, ಬದಲಾಯಿಸ್ಕಳಣ." ಒಳಗೆ ಕೈ ತೋರಿಸಿ, "ಮುದ್ದೆಗಿಟ್ಟಿದೀನಿ, ಉಂಡು ಹೋಗು" ಅಂದಳು. ನಿರ್ಮಲಮ್ಮ ತಟ್ಟೆಯ ಮುಂದೆ ಕೂತು ಅತ್ತಳು. ತಂಗಿ ಸಾರು ಬಡಿಸಿದಳು.

ವಾಪಸ್ಸು ಬರುವ ಬಸ್ಸಿನಲ್ಲಿ ಪುಸ್ತಕ ತೆರೆದಳು. ಹನ್ನೊಂದು ವರ್ಷದಿಂದ ಕಾಣದ ಅಪ್ಪನ ನೀಲಿ ಅಕ್ಷರ, ಅದರ ಕೆಳಗೆ ತಂಗಿಯ ಸಣ್ಣ ಅಕ್ಷರ. ಅವಳೂ ದಿನಾ ತಾರೀಕು ಹಾಕಿದ್ದಳು. ನಿರ್ಮಲಮ್ಮ ತಾಯಿ ಸತ್ತ ತಾರೀಕನ್ನು ಹುಡುಕಿದಳು. ಅಂಚಿನಲ್ಲಿ ಬರೆದಿತ್ತು: 'ಅಕ್ಕಯ್ಯ ಬಂದಿದ್ದಳು. ಸೊರಗಿದ್ದಾಳೆ. ಮಾತಾಡಿಸಲು ಬಾಯಿ ಬರಲಿಲ್ಲ. ಕರ್ತನೇ, ಇನ್ನೊಂದು ಸಲ ಕರೆತಾ.'

ಅದೇ ದಿನ ತಾನು ಬರೆದದ್ದು ಅವಳಿಗೆ ನೆನಪಾಯಿತು. 'ಅಮ್ಮ ಹೋದಳು. ಹೋಗಿ ಬಂದೆ.' ಅಷ್ಟೇ. ಆ ಪುಟದಲ್ಲಿ ಮಾತ್ರವಲ್ಲ, ಹನ್ನೊಂದು ವರ್ಷದ ಯಾವ ಅಂಚಿನಲ್ಲೂ ತಂಗಿಯ ಹೆಸರಿರಲಿಲ್ಲ. ಆ ಪುಸ್ತಕವನ್ನೇ ಈಗ ಅವಳ ಕೈಗೆ ಕೊಟ್ಟು ಬಂದಿದ್ದಳು.

ಮಾರನೇ ಬೆಳಿಗ್ಗೆ ಚೌಡಕ್ಕ ಮೊರ ಹಿಡಿದು ಬಂದು ಕೂತಳು. ನಿರ್ಮಲಮ್ಮ ಮತ್ತಾಯನ ಮೊದಲನೇ ಅಧ್ಯಾಯ ಓದಿ ತಾರೀಕು ಹಾಕಿ, ಪಕ್ಕದಲ್ಲಿ 'ಸುವಾರ್ತೆ ಮುದ್ದೆ ಇಟ್ಟಳು' ಎಂದು ಬರೆದಳು. ಪುಸ್ತಕ ಮುಚ್ಚಲಿಲ್ಲ. ಹಾಳೆ ತಿರುವಿ ಎರಡನೇ ಅಧ್ಯಾಯ ಶುರು ಮಾಡಿದಳು.

"ಇದೇನಮ್ಮ, ಇವತ್ತು ಎರಡು? ನಿಮ್ಮಪ್ಪ ಒಂದೇ ಅಂದಿರ್ಲಿಲ್ವಾ?"

"ಒಂಬತ್ತು ತಿಂಗಳು ಯಾರು ಕಾಯ್ತಾರೆ ಚೌಡಕ್ಕ" ಅಂದಳು ನಿರ್ಮಲಮ್ಮ.